ಫೋರ್ಕ್‌ಲಿಫ್ಟಿಗೆ ಹಲ್ಲೆಷ್ಟು?

"ಅಲುಗಾಡಬೇಡಿ ಓಬಣ್ಣೋರೆ... ಬಿದ್ದರೆ ಕೆಳಗೆ ಸಿಮೆಂಟು!"

ಕೆಳಗಿನಿಂದ ಶ್ರೀನಾಥ ನಗುತ್ತಾ ಹೇಳಿದ.

ನಾನು ಎರಡಾಳೆತ್ತರದಲ್ಲಿದ್ದೆ. ಕಾಲ ಕೆಳಗೆ ಚೀಲ ಒಟ್ಟುವ ಒಂದು ಮರದ ಪ್ಯಾಲೆಟ್. ಅದರ ಕೆಳಗೆ ಫೋರ್ಕ್‌ಲಿಫ್ಟಿನ ಎರಡು ಕಬ್ಬಿಣದ ನಾಲಗೆ. ಅದರ ಕೆಳಗೆ... ಬರೀ ಗಾಳಿ!

ಹಿಡಿದುಕೊಳ್ಳಲು ಏನೂ ಇರಲಿಲ್ಲ. ಇದ್ದದ್ದು ನನ್ನ ಪಂಚೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ಕೆಳಗ ಇಳಿಸಲೇ ನನ್ನ!"

"ಇಳಿಸ್ತೀನಿ ಸಾರ್. ಮೊದಲು ನಾಗಲಿಂಗಮ್ಮೋರಿಗೆ ಫೋನ್ ಮಾಡಿ. ಗಾಡಿ ಫಸ್ಟ್ ಕ್ಲಾಸ್, ತಗೊಳ್ಳಿ ಅನ್ನಿ. ಅಷ್ಟೇ!"

"ಇಲ್ಲಾಂದ್ರ?"

ಅವನು ಲಿವರಿನ ಮೇಲೆ ಕೈಯಿಟ್ಟ. ಮೆತ್ತಗೆ ಅಲುಗಿಸಿದ. ಪ್ಯಾಲೆಟ್ ಗಡಗಡ ನಡುಗಿತು.

ಪಂಚೆಯನ್ನು ಇನ್ನೂ ಬಿಗಿಯಾಗಿ ಹಿಡಿದೆ!

ನಾನು ಯಾರು, ಅಲ್ಲಿಗೆ ಹೇಗೆ ಏರಿದೆ... ಹೇಳಿಬಿಡುತ್ತೇನೆ, ಕೇಳಿ.

ಕೂಡ್ಲಿಗಿಯಿಂದ ಹಡಗಲಿವರೆಗೆ ಯಾವ ಸಂತೆಯಲ್ಲಿ ಬೇಕಾದರೂ ವಿಚಾರಿಸಿ. ಕೊಟ್ಟೂರಿನ ಓಬಣ್ಣ ಅಂದರೆ ಸಾಕು. ದನದ ದಲ್ಲಾಳಿ. ಹಲ್ಲು ಅರದಿಂದ ಉಜ್ಜಿ ಪ್ರಾಯ ಮುಚ್ಚಿಟ್ಟ ಎತ್ತು, ಉಪ್ಪು ತಿನ್ನಿಸಿ ನೀರು ಕುಡಿಸಿ ಹೊಟ್ಟೆ ಉಬ್ಬಿಸಿದ ಹಸು... ನನ್ನ ಕಣ್ಣು ತಪ್ಪಿಸಿ ಒಂದೂ ಹೋಗಿಲ್ಲ. ಆಮೇಲೆ ಸಂತೆಯಲ್ಲಿ ಎತ್ತು ಕಡಿಮೆಯಾದವು. ಜನ ನನ್ನನ್ನು ಟ್ರ್ಯಾಕ್ಟರ್ ನೋಡಲು ಕರೆದರು. ಬೋರಿನ ಮೋಟರು, ಸೆಕೆಂಡ್‌ಹ್ಯಾಂಡ್ ಲಾರಿ, ಎರಡು ಸಲ ಮದುವೆ ಗಂಡು! ನಾನು ಹೂಂ ಅಂದರೆ ವ್ಯಾಪಾರ ಮುಗಿಯಿತು. ಆ ಹೂಂ ಬಿಟ್ಟರೆ ನನಗೆ ಬೇರೆ ಆಸ್ತಿ ಇಲ್ಲ.

ನಾಗಲಿಂಗಮ್ಮ ನಮ್ಮೂರಿನ ದೊಡ್ಡ ಗೋದಾಮಿನ ಒಡತಿ. ಶೇಂಗಾ, ಮೆಕ್ಕೆಜೋಳ. ಆಕೆ ದನಿ ಏರಿಸಿದರೆ ಗೇಟಿನೊಳಗೆ ಬಂದ ಲಾರಿ ತಾನೇ ರಿವರ್ಸ್ ಹೋಗುತ್ತದೆ.

"ಓಬ, ಹೋದ ಸುಗ್ಯಾಗ ಬಾಡಿಗಿ ಡೀಸಲ್ ಗಾಡಿ ತಂದು ಗೋದಾಮೆಲ್ಲ ಹೊಗಿ ಆತು. ಮಂದಿ ಕೆಮ್ಮಿ ಕೆಮ್ಮಿ ಸತ್ರು. ಈ ಸಲ ಕರೆಂಟಿನ ಗಾಡಿನ ಬೇಕು. ಹುಬ್ಬಳ್ಳಿಯವ ಒಂದು ತರತಾನ, ಬೆಂಗಳೂರಿನವ ಒಂದು ತರತಾನ. ಯಾವುದು ಅಂತ ನೀ ಹೇಳು."

"ನನ್ನ ಮಾತು ತಪ್ಪಿದ್ರ, ಅಮ್ಮಾರೆ?"

"ಈ ಗೇಟಿನಾಗ ಮತ್ತ ಕಾಲಿಡಬ್ಯಾಡ. ನಿನ್ನ ಕಣ್ಣು ಹೋತು ಅಂತ ಊರಿಗೆಲ್ಲ ನಾನ ಹೇಳತೀನಿ."

ಇದು ಗೇಟಿನೊಳಗಿನ ಬೆದರಿಕೆ. ಹೊರಗೆ ಇನ್ನೊಂದು ಕಾದಿತ್ತು.

ಸುಂಕಪ್ಪ. ಹಮಾಲರ ಮೇಸ್ತ್ರಿ. ಬಾಗಿಲಿನಷ್ಟು ಅಗಲದ ಬೆನ್ನು. ಹೆಗಲ ಮೇಲೆ ಚೀಲ ಎಳೆಯುವ ಕೊಕ್ಕೆ. ನನ್ನ ಜೊತೆ ಒಂದೇ ಓಣಿಯಲ್ಲಿ ಗೋಲಿ ಆಡಿದವನು. ಈಗ ಅವನ ಕಣ್ಣಲ್ಲಿ ಆ ಸ್ನೇಹ ಚೂರೂ ಇರಲಿಲ್ಲ.

"ಲೇ ಓಬ! ಆ ಗಾಡಿ ಒಳಗ ಬಂದ್ರ ನಮ್ಮ ಮಂದಿ ಹೊರಗ. ನೀ ಹೂಂ ಅಂದ ದಿನ ನಿನ್ನ ಬಾಯಾಗ ಹಲ್ಲು ಇರಂಗಿಲ್ಲ ನೋಡು!"

ನೋಡಿ ನನ್ನ ಅವಸ್ಥೆ! ಹೂಂ ಅಂದರೆ ಹಲ್ಲು ಹೋಗುತ್ತದೆ. ತಪ್ಪು ಗಾಡಿಗೆ ಹೂಂ ಅಂದರೆ ಹೊಟ್ಟೆಪಾಡೇ ಹೋಗುತ್ತದೆ. ಹಲ್ಲಿಲ್ಲದೆ ಗಂಜಿ ಕುಡಿಯಬಹುದು ಅಂತ ಧೈರ್ಯ ಮಾಡಿದೆ.

ಹುಬ್ಬಳ್ಳಿ ಗಾಡಿ ಮೊದಲ ದಿನ ಬಂತು. ಮಂಕು ಬಣ್ಣ. ತಂದವನಿಗೆ ಮಾತೇ ಬಾರದು. ಬೆಳಗಿನಿಂದ ಸಂಜೆವರೆಗೆ ದುಡಿಸಿದೆ. ಅದು ಸುಮ್ಮನೆ ದುಡಿಯಿತು.

ಆ ರಾತ್ರಿಯೇ ಊರಿಗೆ ಬಂದಿಳಿದಿದ್ದ ಬೆಂಗಳೂರಿನ ಶ್ರೀನಾಥ ಮಾರನೆಯ ದಿನ ಗೋದಾಮಿಗೆ ಬಂದ. ಟೈ ಕಟ್ಟಿದ್ದ! ಕೊಟ್ಟೂರಿನ ಬಿಸಿಲಲ್ಲಿ! ಅವನ ಗಾಡಿ ಹಳದಿ ಬಣ್ಣದ್ದು. ಪಳಪಳ ಹೊಳೆಯುತ್ತಿತ್ತು.

"ಬ್ರ್ಯಾಂಡ್ ನ್ಯೂ ಸಾರ್! ಫ್ಯಾಕ್ಟರಿಯಿಂದ ಸೀದಾ ನಿಮ್ಮೂರಿಗೆ!"

ನಮ್ಮ ಕಡೆ ಎತ್ತು ಕೊಳ್ಳುವವರು ಸುಮ್ಮನೆ ನೋಡಿ ಕೊಳ್ಳುವುದಿಲ್ಲ. ಹೊಲಕ್ಕೆ ಒಯ್ದು ಹೂಡುತ್ತಾರೆ. ನಾಲಗೆ ಹೊರಗೆ ಬರುವವರೆಗೂ ಹೂಡುತ್ತಾರೆ. ನಾನೂ ಹಾಗೇ ಮಾಡಿದೆ.

"ಚೀಲ ಎತ್ತು. ಇಳಿಸು. ಮತ್ತ ಎತ್ತು. ಹಿಂದಕ್ಕ ಹೋಗು. ಮುಂದಕ್ಕ ಬಾ..."

ಮಧ್ಯಾಹ್ನದ ಹೊತ್ತಿಗೆ ಗಾಡಿ ಏದುಸಿರು ಬಿಡತೊಡಗಿತು. ಬೆಳಿಗ್ಗೆ ಜಿಗಿದು ಎತ್ತುತ್ತಿದ್ದದ್ದು ಈಗ ತಿಣುಕುತ್ತಿತ್ತು.

"ರಾತ್ರಿ ನಿಮ್ಮೂರಲ್ಲಿ ಕರೆಂಟ್ ಇರಲಿಲ್ಲ ಸಾರ್. ಚಾರ್ಜ್ ಆಗಿಲ್ಲ."

ಇದನ್ನು ನಂಬಲೇಬೇಕು. ನಮ್ಮೂರಲ್ಲಿ ಕರೆಂಟು ನೆಂಟರ ಹಾಗೆ, ಬಂದರೆ ಬಂತು. ಹುಬ್ಬಳ್ಳಿಯವನಿಗೂ ಇದೇ ಕರೆಂಟಲ್ಲವೇ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಹಮಾಲರು ಊಟಕ್ಕೆ ಹೋದರು. ಗೋದಾಮು ಖಾಲಿ. ಆಗ ನನಗೊಂದು ದನದ ಬುದ್ಧಿ ಬಂತು.

"ಕಡೀಕ ನನ್ನನ್ನ ಎತ್ತಪ. ಮ್ಯಾಲ ಹೋದಾಗ ಅಲುಗಾಡತೈತೇನು ನೋಡತೀನಿ."

ಎತ್ತಿದ.

ಮೇಲೆ ಹೋದೆ. ಗಾಡಿಯ ಎತ್ತುವ ಕಂಬದ, ಅಂದರೆ ಮಾಸ್ಟಿನ, ತುದಿಯ ಅಡ್ಡಪಟ್ಟಿ ಕಣ್ಣಿಗೆ ಬಿತ್ತು. ನೆಲದಲ್ಲಿ ನಿಂತವನಿಗೆ ಅದರ ಮೇಲ್ಭಾಗ ಕಾಣುವುದಿಲ್ಲ. ಬಣ್ಣ ಬಳಿದವನಿಗೂ ಕಂಡಿರಲಿಲ್ಲ!

ಅಲ್ಲಿ ಹಳದಿ ಇರಲಿಲ್ಲ. ತುಕ್ಕು ಇತ್ತು. ತುಕ್ಕಿನ ಮೇಲೆ ಮೂರು ಬೆರಳಿನ ವಿಭೂತಿ. ಅದರ ಮೇಲೆ ಒಣಗಿದ ಕುಂಕುಮ. ಕರಿದಾರದಲ್ಲಿ ಕಟ್ಟಿದ ನಿಂಬೆಹಣ್ಣು... ಒಂದಲ್ಲ, ಎರಡು! ಒಂದು ಒಣಗಿ ಗೋಲಿಯಾಗಿತ್ತು. ಇನ್ನೊಂದು ಅದಕ್ಕೂ ಹಿಂದಿನದು, ಮುಟ್ಟಿದರೆ ಪುಡಿಪುಡಿ!

ಗೋಲಿಯಾದದ್ದನ್ನು ಕಿತ್ತು ಜೇಬಿಗಿಟ್ಟೆ.

"ಲೇ ಶ್ರೀನಾಥ! ನಿನ್ನ ಬ್ರ್ಯಾಂಡ್ ನ್ಯೂ ಗಾಡಿ ಎಷ್ಟು ಆಯುಧಪೂಜಿ ಕಂಡೈತಲೇ?"

ಅವನ ಮುಖದಿಂದ ನಗು ಇಳಿಯಿತು. ನಾನು ಮಾತ್ರ ಇಳಿಯಲಿಲ್ಲ!

ಅಲ್ಲಿಂದ ಶುರುವಾದದ್ದೇ ಈ ಫೋನಿನ ಮಾತು.

"ಮಾಡ್ತೀರೋ ಇಲ್ಲವೋ?" ಅವನು ಮತ್ತೆ ಲಿವರ್ ಅಲುಗಿಸಿದ.

"ಮಾಡತೀನಿ, ಮಾಡತೀನಿ!"

ಮೊಬೈಲ್ ತೆಗೆದೆ. ಮಾತಾಡುವಷ್ಟು ಕರೆನ್ಸಿ ಇರಲಿಲ್ಲ. ಆಗ ಊರಿಗೆ ಊರೇ ಮಿಸ್ಡ್ ಕಾಲಿನಲ್ಲಿ ಬದುಕುತ್ತಿತ್ತು. ನಾನೂ ಒಂದು ಕೊಟ್ಟೆ.

"ವಾಪಸ್ ಮಾಡತಾರ ತಡಿ..."

ಸುಳ್ಳು! ನಾಗಲಿಂಗಮ್ಮ ಜನ್ಮದಲ್ಲಿ ಯಾರಿಗೂ ವಾಪಸ್ ಫೋನ್ ಮಾಡಿದವಳಲ್ಲ. ಮಿಸ್ಡ್ ಕಾಲ್ ಕೊಟ್ಟವರನ್ನು ಹುಡುಕಿಕೊಂಡು ಬಂದು ಬೈಯುವವಳು. ಮನೆ ಗೋದಾಮಿನ ಹಿಂದೆಯೇ ಇತ್ತು.

ಅಷ್ಟರಲ್ಲಿ ಪಕ್ಕದ ಶೇಂಗಾ ಚೀಲಗಳ ಅಟ್ಟಿಯ ಮೇಲಿಂದ ಒಂದು ಆಕಳಿಕೆ ಕೇಳಿತು.

ಸುಂಕಪ್ಪ! ಎಲ್ಲರಿಗಿಂತ ಮೊದಲೇ ಉಂಡು, ಯಾರ ಕಣ್ಣಿಗೂ ಬೀಳದಂತೆ ಚೀಲದ ಮೇಲೆ ಮಲಗಿಬಿಟ್ಟಿದ್ದ. ನನ್ನ ಸರಿಸಮಕ್ಕೆ ತಲೆ ಎತ್ತಿದ. ನಮ್ಮಿಬ್ಬರ ನಡುವೆ ಒಂದು ಮಾರಿನಷ್ಟು ಸಂದು.

"ಯಾಕಲೇ ಓಬ, ಅಟ್ಟ ಏರಿದಿ?"

"ಸುಂಕಪ್ಪ... ಹಲಗಿ ಹಾಕೋ! ಇವ ಬೀಳಿಸ್ತಾನ!"

"ಬೀಳಿಸ್ಲಿ. ನನಗೊಂದು ಕೆಲಸ ಕಡಿಮಿ."

"ಲೇ, ಹಳೇ ಗಾಡಿಗೆ ಬಣ್ಣ ಬಳದು ತಂದಾನಲೇ!"

"ಹೊಸಾದೊಂದು ಬರತೈತಲ್ಲ ಮತ್ತ? ನಮ್ಮ ಮಂದಿ ಏನು ತಿನ್ನಬೇಕು? ಹೇಳು."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಭಯವಿತ್ತು. ಅದು ಕೇಳಿ ನನಗೆ ಕೆಳಗಿನ ಸಿಮೆಂಟಿಗಿಂತ ಹೆಚ್ಚು ಸಂಕಟವಾಯಿತು. ನಿಜವಾಗಿಯೂ!

"ಗಾಡಿ ಬಂದರೂ ಒಬ್ಬನ್ನೂ ಬಿಡಿಸಂಗಿಲ್ಲ. ಓಡಿಸಾವ ನಿಮ್ಮ ಗುಂಪಿನವನ. ನೀನ ಓಡಿಸು!"

"ಆಣಿ?"

"ನಮ್ಮ ದೇವ್ರು ಕೊಟ್ರಬಸವಣ್ಣನಾಣಿ!"

ಸುಂಕಪ್ಪ ಹಲಗೆ ತಳ್ಳಿದ. ಹಮಾಲರು ಚೀಲ ಹೊತ್ತು ಏರುವ ಉದ್ದನೆಯ ಹಲಗೆ. ಒಂದು ತುದಿ ನನ್ನ ಪ್ಯಾಲೆಟಿನ ಮೇಲೆ ಬಂದು ಕುಳಿತಿತು.

ಕಾಲಿಟ್ಟೆ. ಹಲಗೆ ಬಳುಕಿತು. ನಿಂತುಬಿಟ್ಟೆ!

"ನಿಂದ್ರಬ್ಯಾಡಲೇ! ಹಲಗಿ ಮ್ಯಾಲ ನಿಂತಾವ ಸತ್ತಂಗ! ಓಡು!"

ಕೆಳಗೆ ಶ್ರೀನಾಥ ಗಾಬರಿಬಿದ್ದ. ಲಿವರ್ ಎಳೆದ.

ಸೊಂಯ್...!

ಪ್ಯಾಲೆಟ್ ಇಳಿಯತೊಡಗಿತು. ಹಲಗೆ ಓರೆಯಾಯಿತು. ಓಡಿದೆ! ಎರಡೇ ಹೆಜ್ಜೆ... ಕಾಲಡಿ ಹಲಗೆ ಇಲ್ಲ!

ಖಚಕ್! ಸುಂಕಪ್ಪನ ಕೊಕ್ಕೆ ನನ್ನ ಅಂಗಿಯ ಕಾಲರಿಗೆ ಬಿತ್ತು. ಶೇಂಗಾ ಚೀಲದಂತೆ ನನ್ನನ್ನು ಎಳೆದು ಮೇಲೆ ಹಾಕಿದ. ಕೆಳಗೆ ಹಲಗೆ ದಢಾರ್ ಅಂತು. ಜೊತೆಗೆ ನನ್ನ ಪಂಚೆಯೂ ಹೋಯಿತು. ಪಟ್ಟಾಪಟ್ಟಿ ಚಡ್ಡಿ ಹಾಕಿಕೊಂಡಿದ್ದೆ, ಪುಣ್ಯ!

ಶ್ರೀನಾಥ ಗಾಡಿ ತಿರುಗಿಸಿದ. ಹೊರಗೆ ಅವನ ಲಾರಿ ನಿಂತಿತ್ತು. ಗಾಡಿ ಏರಿಸಿಬಿಟ್ಟರೆ ಯಾವ ಕುಂಕುಮ, ಯಾವ ನಿಂಬೆ?

"ಹಿಡಿಯಲೇ ಅವನ್ನ!" ನಾನು ಕೂಗಿದೆ.

ನಾವಿಬ್ಬರೂ ಚೀಲದಿಂದ ಚೀಲಕ್ಕೆ ಜಾರಿ ಇಳಿದೆವು. ಬೆನ್ನಟ್ಟಿದೆವು!

ಬೆನ್ನಟ್ಟುವುದೇನು ಬಂತು? ಬೆಳಿಗ್ಗೆಯಿಂದ ದಣಿಸಿದ ಗಾಡಿ. ಮೊದಲು ಆಮೆಯಂತೆ ಹೋಯಿತು. ಆಮೇಲೆ ಆಮೆಗೂ ನಾಚಿಕೆಯಾಗುವಂತೆ ಹೋಯಿತು. ನಾವು ಅದರ ಪಕ್ಕದಲ್ಲೇ ನಡೆದೆವು. ಸುಂಕಪ್ಪ ಬೀಡಿ ಹಚ್ಚಿದ. ನನಗೂ ಒಂದು ಕೊಟ್ಟ. ಶ್ರೀನಾಥ ಸ್ಟೇರಿಂಗ್ ಹಿಡಿದು ಮುಂದಕ್ಕೆ ಬಾಗಿ ಬೆವರುತ್ತಿದ್ದ.

"ಆರಾಮ ಹೋಗ್ರಿ ಸಾರ್," ಸುಂಕಪ್ಪ ಅಂದ. "ನಮಗೇನು ಅವಸರಿಲ್ಲ."

ಸರಿಯಾಗಿ ಬಾಗಿಲ ನಡುವೆ ಗಾಡಿ ಕೊನೆಯುಸಿರೆಳೆಯಿತು.

ಎದುರಿಗೆ ನಾಗಲಿಂಗಮ್ಮ! ಎರಡೂ ಕೈಗೆ ಜೋಳದ ಹಿಟ್ಟು.

"ಯಾವನಲೇ ಮಿಸ್ ಕಾಲ್ ಕೊಟ್ಟಾವ? ರೊಟ್ಟಿ ಬಡಿಯಾಕ ಬಿಡಂಗಿಲ್ಲ... ಓಬ! ನಿನ್ನ ಪಂಚಿ ಎಲ್ಲೈತಿ?"

ಉತ್ತರದ ಬದಲು ನಿಂಬೆಹಣ್ಣು ಕೈಗಿಟ್ಟೆ. ಎಲ್ಲಿ ಸಿಕ್ಕಿತು, ಅಲ್ಲಿ ಎಷ್ಟಿದ್ದವು ಅಂತ ಹೇಳಿದೆ.

"ಶೋರೂಮಲ್ಲೂ ಪೂಜೆ ಮಾಡ್ತಾರೆ ಮೇಡಂ!" ಶ್ರೀನಾಥ ಕೂಗಿದ.

"ಎರಡು ವರ್ಸ ಶೋರೂಮಿನಾಗ ಯಾಕ ನಿಂತಿತ್ತಪ? ಯಾರೂ ಕೇಳಾಕ ಬರಲಿಲ್ಲೇನು?"

ಶ್ರೀನಾಥ ಕೀಲಿ ತಿರುಗಿಸಿ ನೋಡಿದ.

"ತಗೊಂಡು ಹೋಗು ನಿನ್ನ ಬೊಂಬಿ."

"ನಡೀತಾ ಇಲ್ಲ ಮೇಡಂ..."

"ತಳ್ಳತೀವಿ ಬರ್ರಿ," ಸುಂಕಪ್ಪ ಅಂದ. "ತಳ್ಳಾಕ ಹಮಾಲಿ ಬ್ಯಾರೆ ಆಗತೈತಿ. ಟೈ ಬಿಚ್ಚಿ ನೀವೂ ಕೈ ಹಚ್ಚಿದ್ರ ಸ್ವಲ್ಪ ಕಡಿಮಿ ಮಾಡೋಣ."

ಟೈ ಬಿಚ್ಚಿದ!

ನಾಗಲಿಂಗಮ್ಮ ನನ್ನ ಕಡೆ ತಿರುಗಿದಳು.

"ಹಂಗಾರ ಹುಬ್ಬಳ್ಳಿದು?"

"ಹೂಂ ಅಮ್ಮಾರೆ. ಸಂಜೀತನ ದುಡದೈತಿ. ಮಾಸ್ಟಿನ ಮ್ಯಾಲ ಹತ್ತಿ ನೋಡಿ ತಗೊಳ್ಳೋಣ. ಆದ್ರ..."

"ಆದ್ರ ಏನು?"

"ಡ್ರೈವರ್ ಸುಂಕಪ್ಪನ ಆಗಬೇಕು. ಅವರ ಗುಂಪಿನಾಗ ಒಬ್ಬನ್ನೂ ಬಿಡಿಸಬಾರದು."

"ಸುಂಕಪ್ಪ? ಸೈಕಲ್ಲ ಬರಂಗಿಲ್ಲ ಅವನಿಗೆ! ಹುಬ್ಬಳ್ಳಿಯಿಂದ ಡ್ರೈವರ್ ಬರತಾನ. ಅರ್ಧ ಮಂದಿ ಸಾಕು ನನಗ."

ಸುಂಕಪ್ಪ ನನ್ನನ್ನೇ ನೋಡುತ್ತಿದ್ದ. ಕೊಕ್ಕೆ ಕೆಳಗಿಟ್ಟಿದ್ದ. ಕಾಲರಿನ ಹತ್ತಿರ ನನ್ನ ಕುತ್ತಿಗೆ ಇನ್ನೂ ಉರಿಯುತ್ತಿತ್ತು.

"ಹಂಗಾರ ನನ್ನ ಹೂಂ ಇಲ್ಲ ಅಮ್ಮಾರೆ."

"ಏನಂದಿ?"

"ನನ್ನ ಹೂಂ ಇಲ್ಲ ಅಂದೆ."

"ಗೇಟು ಅಲ್ಲೈತಿ ನೋಡು!"

ನಡೆದೆ. ಪಂಚೆಯೂ ಇಲ್ಲ, ಕೆಲಸವೂ ಇಲ್ಲ. ಗೇಟು ಹತ್ತಿರ ಬಂತು. ಮುಗಿಯಿತು ಓಬಣ್ಣ ನಿನ್ನ ಕತೆ ಅಂದುಕೊಂಡೆ.

"ಏ ಓಬ! ಬಾರೋ ಇಲ್ಲಿ! ಚಡ್ಡಿ ಮ್ಯಾಲ ಊರೊಳಗ ಹೋಗಿ ನನ್ನ ಮಾನ ಕಳೀಬ್ಯಾಡ!"

ನಿಂತೆ. ತಿರುಗಲಿಲ್ಲ.

"ಆಗಲಿ... ನಿನ್ನ ಹೂಂ ಇಲ್ದ ನಾ ಗಾಡಿ ತಗೊಳ್ಳಂಗಿಲ್ಲ. ಅವನ ಓಡಿಸ್ಲಿ. ಮಂದಿ ಹಂಗ ಇರಲಿ. ಆದ್ರ ಏನರ ಹೆಚ್ಚುಕಡಿಮಿ ಆದ್ರ ನಿನ್ನನ್ನ ಕೇಳತೀನಿ!"

ಹುಬ್ಬಳ್ಳಿ ಗಾಡಿ ಮತ್ತೆ ಬಂತು. ಮಾಸ್ಟಿನ ತುದಿ ಹತ್ತಿ ನೋಡಿದೆ, ಹೊಚ್ಚ ಹೊಸ ಬಣ್ಣ, ಮೇಲೂ ಕೆಳಗೂ. ಹುಬ್ಬಳ್ಳಿಯವನು ವಾರವಿದ್ದು ಸುಂಕಪ್ಪನಿಗೆ ಕಲಿಸಿದ. ಅವನು ಹೋದ ಮಾರನೆಯ ಬೆಳಿಗ್ಗೆ ಹಮಾಲರೆಲ್ಲ ಸುತ್ತ ನಿಂತರು. ಸುಂಕಪ್ಪ ಸೀಟಿನ ಮೇಲೆ ಮದುಮಗನಂತೆ ಕುಳಿತ. ನಾಗಲಿಂಗಮ್ಮ ಕಾಯಿ ಒಡೆದಳು.

ಗಾಡಿ ಹೊರಟಿತು. ನೇರವಾಗಿ ಹೊರಟಿತು. ತಿರುಗಬೇಕಾದಲ್ಲಿಯೂ ನೇರವಾಗಿಯೇ ಹೋಯಿತು!

ಧಡ್!

ಧೂಳು ಇಳಿದಾಗ ಗೋದಾಮಿನ ಗೋಡೆಯಲ್ಲಿ ಒಂದು ಕಿಟಕಿಯಾಗಿತ್ತು. ಆಚೆ ರಸ್ತೆಯಲ್ಲಿ ನಿಂತ ಜನ ಒಳಗೆ ಇಣುಕುತ್ತಿದ್ದರು. ಸುಂಕಪ್ಪನಿಗೆ ಏನೂ ಆಗಿರಲಿಲ್ಲ.

ನಾಗಲಿಂಗಮ್ಮ ಅವನನ್ನು ನೋಡಲಿಲ್ಲ. ಸೀದಾ ನನ್ನ ಮುಂದೆ ಬಂದು ನಿಂತಳು.

"ಏನಿದು, ಓಬ?"

ಆಣೆ ಮಾಡಿದ್ದೆ. ಹಿಂದೆ ಸರಿಯುವಂತಿರಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು, ಸಂತೆಯಲ್ಲಿ ಕುಂಟೆತ್ತು ಮಾರುವ ದನಿಯಲ್ಲಿ ಹೇಳಿದೆ:

"ಗಾಡಿ ಚೊಲೋ ಐತ್ರಿ, ಡ್ರೈವರೂ ಚೊಲೋ ಅದಾನ... ಗೋಡಿನ ಅಡ್ಡ ಬಂತ್ರಿ ಅಮ್ಮಾರೆ!"