ಉಗುರಪ್ಪನ ಚಪ್ಪರದಲ್ಲಿ ಮಣ್ಣಿನ ಸೋರೆಕಾಯಿ

ಭೂಮಿಯ ಮೇಲೆ ಮೊಟ್ಟಮೊದಲು ಬದನೆಕಾಯಿಗೆ ತೊಟ್ಟು ಅಂಟಿಸಿದವನು ನಾನೇ. ಸುಳ್ಳು ಸ್ವಾಮಿ, ಹಾಗೆ ನೋಡಬೇಡಿ. ಆದರೆ ಈ ಕತೆ ಮಾತ್ರ ನಿಜ. ಸುಳ್ಳು ಬೆರೆಸಿದ್ದರೂ ಸಾರಿಗೆ ಉಪ್ಪು ಹಾಕಿದಷ್ಟು.

ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಚಪ್ಪರದುರ್ಗ ಅಂತ ಒಂದು ರಾಜ್ಯವಿತ್ತು. ಅಲ್ಲಿ ಶಾಲೆ ಇರಲಿಲ್ಲ. ಮಕ್ಕಳಿಗೆ ಮನೆಯೇ ಪಾಠಶಾಲೆ, ಹೆತ್ತವರೇ ಗುರುಗಳು. ಸಿಂಗಾರಿ ಎಂಬ ಹುಡುಗಿಯನ್ನು ಅವಳ ತಾಯಿ ದೇವೀರಮ್ಮ ಬೆಳಗಾದರೆ ಜಗಲಿಯ ಮೇಲೆ ಕೂರಿಸಿಕೊಂಡು, ಮಣ್ಣಿನಲ್ಲಿ ತರಕಾರಿ ಮಾಡಲು ಕಲಿಸುತ್ತಿದ್ದಳು. ಮಣ್ಣಿನ ಮೆಣಸಿನಕಾಯಿಯಲ್ಲಿ ಲೆಕ್ಕ, ಹಾಗಲಕಾಯಿಯ ಗುಳ್ಳೆಯಲ್ಲಿ ಮಗ್ಗಿ.

"ಚೆಂದ ಮಾಡಬೇಡ ಕಣೇ, ಇದ್ದ ಹಾಗೆ ಮಾಡು," ಅನ್ನುತ್ತಿದ್ದಳು ದೇವೀರಮ್ಮ. "ಹುಳ ಕೊರೆದ ಬದನೆಕಾಯಿಗೆ ತೂತೂ ಬೇಕು."

"ತೂತು ಮಾಡಿದ್ದೀನಲ್ಲಮ್ಮ."

"ಅದು ಹುಳ ಕೊರೆದದ್ದೋ, ಹೆಗ್ಗಣ ಕೊರೆದದ್ದೋ?"

ಆ ರಾಜ್ಯದ ಅಂಚಿನಲ್ಲಿ ಉಗುರಪ್ಪನೆಂಬ ಮಾಂತ್ರಿಕನಿದ್ದ. ಅವನಿಗೊಂದು ಶಾಪ: ಏನು ತಿಂದರೆ ಅದೇ ಆಗಿಬಿಡುತ್ತಿದ್ದ. ಮನುಷ್ಯನಾಗಿ ಉಳಿಯಬೇಕಾದರೆ ಮನುಷ್ಯರನ್ನೇ ತಿನ್ನಬೇಕು. ಹಸಿಯಾಗಿ ತಿನ್ನಲು ಅವನಿಗೆ ನಾಚಿಕೆ. ಅದಕ್ಕೇ ಉಗುರು ಸೋಕಿಸಿ ಜನರನ್ನು ಸೋರೆಕಾಯಿ ಮಾಡಿ ಚಪ್ಪರಕ್ಕೆ ತೂಗುಹಾಕುತ್ತಿದ್ದ, ಹುಣ್ಣಿಮೆಗೊಂದನ್ನು ಕೊಯ್ದು ಹುಳಿ ಮಾಡಿ ಉಣ್ಣುತ್ತಿದ್ದ.

ಒಂದು ದಿನ ಕೆರೆಗೆ ಮಣ್ಣು ತರಲು ಹೋದ ದೇವೀರಮ್ಮ ಮನೆಗೆ ಬರಲಿಲ್ಲ.

ಸಿಂಗಾರಿ ಮಾತ್ರ ಬೆಳಗಾದರೆ ಜಗಲಿಯ ಮೇಲೆ ಎರಡು ಮುದ್ದೆ ಮಣ್ಣು ಇಡುತ್ತಿದ್ದಳು. ಒಂದು ತನಗೆ, ಒಂದು ಅಮ್ಮನಿಗೆ. ಅಮ್ಮನ ಮುದ್ದೆ ಸಂಜೆಯ ಹೊತ್ತಿಗೆ ಒಣಗಿ ಬಿರುಕು ಬಿಡುತ್ತಿತ್ತು. ಬೈಯುವವರಿಲ್ಲದ ಮನೆ ಎಷ್ಟು ದೊಡ್ಡದು ಅನ್ನುವುದು ಅವಳಿಗೆ ಆಗ ಗೊತ್ತಾಯಿತು.

ಮಾಂತ್ರಿಕನ ಕಾವಲು ಕಾಗೆ ಒಂದು ದಿನ ಊರ ಮೇಲೆ ಹಾರುತ್ತಾ ಕೂಗಿತು: "ಈ ಹುಣ್ಣಿಮೆಗೆ ದೇವೀರಮ್ಮನ ಹುಳಿ! ಕಾ!"

ಒಂದು ಕಾಯಿ ಕಮ್ಮಿಯಾದರೂ ಆ ಚಪ್ಪರ ಚೀರುತ್ತದೆ ಅಂತ ಊರಿಗೆಲ್ಲ ಗೊತ್ತಿತ್ತು. ಅಮ್ಮನನ್ನು ಬಿಡಿಸಬೇಕಾದರೆ ಅವಳ ಜಾಗದಲ್ಲಿ ಅಂಥದ್ದೇ ಕಾಯಿ ತೂಗಬೇಕು. ಸಿಂಗಾರಿ ಅಮ್ಮನನ್ನು ನೆನೆನೆನೆದು ಒಂದು ಸೋರೆಕಾಯಿ ಮಾಡಿದಳು. ನುಣ್ಣಗೆ, ದುಂಡಗೆ, ಬೆಳದಿಂಗಳ ಹಾಗೆ. ಅದನ್ನು ಎತ್ತಿಕೊಂಡು ಉಗುರಪ್ಪನ ಚಪ್ಪರದ ಬಳಿಗೆ ಹೋದಳು.

ಕಾಗೆ ಅದನ್ನು ನೋಡಿ ಬಿದ್ದುಬಿದ್ದು ನಕ್ಕಿತು. "ಇದು ಸೋರೆಕಾಯೋ, ಮದುವಣಗಿತ್ತಿಯೋ? ನಿಮ್ಮಮ್ಮ ಹೀಗಿದ್ದಳೇನೇ?"

ಸಿಂಗಾರಿ ತಲೆಯೆತ್ತಿ ಚಪ್ಪರ ನೋಡಿದಳು. ಅಲ್ಲೊಂದು ಸೋರೆಕಾಯಿಗೆ ಎಡಗಡೆ ಕರಕಲು ಕಲೆ. ಮಣ್ಣು ಸುಡುವ ಆವಿಗೆಯ ಬೆಂಕಿ ತಾಗಿ ಅಮ್ಮನ ಎಡಗೆನ್ನೆಯ ಮೇಲೆ ಉಳಿದಿದ್ದ ಕಲೆಯೇ ಅದು! ಕತ್ತೂ ವಾರೆ, ಬೈಯುವಾಗ ಅಮ್ಮ ವಾಲಿಸುತ್ತಿದ್ದ ಹಾಗೆ. ಹಂಬಲದಲ್ಲಿ ತಾನು ಆ ಕಲೆಯನ್ನೇ ಮರೆತಿದ್ದೆ ಅಂತ ಹುಡುಗಿಗೆ ಆಗ ಹೊಳೆಯಿತು.

ಮನೆಗೆ ಓಡಿಹೋಗಿ ಕಲೆ ಹಾಕಿ, ಕತ್ತು ವಾರೆ ಮಾಡಿ ತಂದಳು. ಕಾಗೆ ಬಾಯಿ ಮುಚ್ಚಿತು. ಆದರೆ ಚಪ್ಪರದ ಕಂಬಕ್ಕೆ ಉಗುರಪ್ಪ ಮೂರು ಕಣ್ಣಿನ ಮೇಕೆಯೊಂದನ್ನು ಕಾವಲಿಗೆ ಕಟ್ಟಿದ್ದ. ಅದು ಕಾಯಿಗೆ ಮೂತಿ ಉಜ್ಜಿತು.

"ಎಳೇ ಸೋರೆಕಾಯಿಗೆ ಮೈಮೇಲೆ ನವಿರು ಇರುತ್ತಮ್ಮ. ಇದು ಬೋಳು. ನಾನು ಮೇಕೆ, ನನಗೇ ಹೇಳಿಕೊಡ್ತೀಯಾ?"

ನವಿರಿಗೆ ಎಲ್ಲಿಗೆ ಹೋಗುವುದು? ಮನೆಯಲ್ಲಿ ಅಮ್ಮನ ಕಂಬಳಿ ಇತ್ತು. ಸಿಂಗಾರಿ ದಿನಾ ಅದನ್ನೇ ಹೊದ್ದು ಮಲಗುತ್ತಿದ್ದಳು. ಅಮ್ಮನ ವಾಸನೆ ಉಳಿದಿದ್ದುದು ಅದೊಂದರಲ್ಲೇ. ಬಹಳ ಹೊತ್ತು ಮುಖಕ್ಕೆ ಒತ್ತಿ ಹಿಡಿದಿದ್ದಳು. ಆಮೇಲೆ ಎಳೆಎಳೆಯಾಗಿ ಕಿತ್ತು, ಪುಡಿ ಮಾಡಿ, ಕಾಯಿಯ ಮೈಗೆಲ್ಲ ಹಚ್ಚಿದಳು. ಕಂಬಳಿ ಮುಗಿದೇಹೋಯಿತು.

ಮೇಕೆ ಮೂಸಿ ಪಕ್ಕಕ್ಕೆ ಸರಿಯಿತು. ಸಿಂಗಾರಿ ಮಣ್ಣಿನ ಕಾಯಿಯನ್ನು ಬಳ್ಳಿಗೆ ಕಟ್ಟಿ, ಅಮ್ಮನನ್ನು ಕೊಯ್ದುಕೊಂಡು ಪೊದೆಯ ಹಿಂದೆ ಅವಿತಳು. ಚಪ್ಪರ ಚೀರಲಿಲ್ಲ.

ಅವತ್ತೇ ಹುಣ್ಣಿಮೆ. ಅಷ್ಟರಲ್ಲಿ ಉಗುರಪ್ಪನೇ ಬಂದ. ಸಂತೆಯಲ್ಲಿ ನಿಮ್ಮ ಮನೆಯವರು ಮಾಡುವುದಿಲ್ಲವೇ, ಹಾಗೇ ಎಳೆಯದೋ ಬಲಿತದ್ದೋ ನೋಡಲು ಕಾಯಿಗೆ ಉಗುರು ಚುಚ್ಚಿದ. ಸುಟ್ಟ ಮಣ್ಣಾಗಿದ್ದರೆ ಉಗುರು ಮುರಿಯುತ್ತಿತ್ತು, ಒಣಗಿದ ಮಣ್ಣಾಗಿದ್ದರೆ ಕಾಯಿ ಒಡೆಯುತ್ತಿತ್ತು. ಉಗುರು ಮೆತ್ತಗೆ ಇಳಿಯಿತು. ಹುಡುಗಿಯ ಕಣ್ಣೀರಿನಿಂದ ಮಣ್ಣು ಹಸಿಯಾಗಿತ್ತು ಅಂದರೆ ಕೇಳಲು ಚೆಂದ. ನಿಜ ಹೇಳುತ್ತೇನೆ, ದಾರಿಯುದ್ದಕ್ಕೂ ಕಾಯಿಗೆ ಒದ್ದೆ ಬಟ್ಟೆ ಸುತ್ತಿ ತಂದಿದ್ದಳು. ಅದೂ ಅಮ್ಮ ಕಲಿಸಿದ್ದೇ.

"ಬೆಣ್ಣೆಯಂಥ ಕಾಯಿ!" ಅಂದ ಉಗುರಪ್ಪ. ಕೊಯ್ದ, ಹೆಚ್ಚಿದ, ಕುದಿಸಿದ. ಹುಳಿ ಯಾಕೋ ಮಂದವಾಯಿತು. "ಬೇಳೆ ಜಾಸ್ತಿಯಾಯಿತೇನೋ," ಅಂದುಕೊಂಡು ಒಂದು ತುತ್ತು ನುಂಗಿದ.

ತಿಂದದ್ದೇ ಆಗುವ ಶಾಪವಲ್ಲವೇ? ಕಾಲು ಮಣ್ಣಾಯಿತು, ಹೊಟ್ಟೆ ಮಣ್ಣಾಯಿತು, ಉಗುರೂ ಮಣ್ಣಾಯಿತು. ಮೇಕೆ ಹಗ್ಗ ಹರಿದುಕೊಂಡು ಬಂದು ಗುದ್ದಿತು, ನೋಡಿ, ಪುಡಿಪುಡಿ!

ಚಪ್ಪರದಿಂದ ಜನ ದಬದಬ ಉದುರಿದರು. ಅಪ್ಪಂದಿರು, ಅಜ್ಜಿಯರು, ಕಳೆದುಹೋಗಿದ್ದ ದಂಡನಾಯಕ. ಪೊದೆಯ ಹಿಂದೆ ಸಿಂಗಾರಿಯ ಮಡಿಲು ಭಾರವಾಯಿತು. ಮಡಿಲಲ್ಲಿ ಅಮ್ಮ.

ದೇವೀರಮ್ಮ ಎದ್ದು ಕೂತಳು. ಅಲ್ಲೇ ಬಳ್ಳಿಯಲ್ಲಿ ಮಣ್ಣಿನ ಕಾಯಿಯ ತೊಟ್ಟು ಇನ್ನೂ ತೂಗುತ್ತಿತ್ತು. ಅದನ್ನು ನೋಡಿ ಕತ್ತು ವಾರೆ ಮಾಡಿದಳು.

"ತೊಟ್ಟು ಸಣ್ಣದಾಯಿತು ಕಣೇ."

ಸಿಂಗಾರಿ ಅಮ್ಮನ ಕೆನ್ನೆಯ ಕಲೆಗೆ ಮುಖ ಒತ್ತಿ ಅತ್ತಳು. "ಇನ್ನೊಂದು ಸಲ ಬೈಯಮ್ಮ."

ಮಾರನೆಯ ಬೆಳಗ್ಗೆ ಜಗಲಿಯ ಮೇಲೆ ಇಟ್ಟ ಎರಡು ಮುದ್ದೆಯೂ ಒಣಗಲಿಲ್ಲ. ಆ ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು, ಮೇಕೆಯೂ ಸೇರಿ.

ಆ ತೊಟ್ಟು ಈಗಲೂ ನನ್ನ ಜೇಬಿನಲ್ಲೇ ಇದೆ. ತೋರಿಸೋಣ ಅಂದರೆ ಜೇಬಿಗೆ ತೂತು ಸ್ವಾಮಿ. ಹುಳ ಕೊರೆದದ್ದಲ್ಲ, ಹೆಗ್ಗಣವೇ. ಟೀ ದುಡ್ಡೂ ಅದರಲ್ಲೇ ಇತ್ತು. ಇವತ್ತಿನದು ನೀವೇ ಕೊಟ್ಟುಬಿಡಿ.