ಗ್ವಾನಹ್ವಾತೊದಲ್ಲಿ ಗಿಲ್‌ರಾಯ್ ಹುಡುಗಿ

"ನೀವಾ?!"

ರಂಜನಿಯ ಕೈಯಲ್ಲಿದ್ದ ಕಾಫಿ ತುಳುಕಿತು.

ಹಳದಿ ಚರ್ಚಿನ ಮೆಟ್ಟಿಲ ಮೇಲೆ ಯಶಸ್ ನಿಂತಿದ್ದ. ಮರೆಯಬೇಕೆಂದು ಮೂರು ತಿಂಗಳಿಂದ ಹಟ ಹಿಡಿದು, ಒಂದು ದಿನವೂ ಮರೆಯಲಾಗದ ಅದೇ ಮುಖ!

"ಊರು ತೋರ್ಸೋಕೆ ಸ್ಪ್ಯಾನಿಷ್ ಗೊತ್ತಿರೋ ಫ್ರೆಂಡ್ ಬರ್ತಾರೆ ಅಂದ್ರು ಶರಣ್ಯಾ... ಅದು ನೀವು ಅಂತ ಹೇಳ್ಲಿಲ್ಲ," ಎಂದು ಅವನೂ ತಬ್ಬಿಬ್ಬಾದ.

ಗೆಳತಿ ಶರಣ್ಯಾಳ ಮದುವೆ ನಾಳೆ, ಮೆಕ್ಸಿಕೋದ ಈ ಹಳೆಯ ಬೆಳ್ಳಿ ಗಣಿಗಳ ಊರು ಗ್ವಾನಹ್ವಾತೊದಲ್ಲಿ. ಬೇ ಏರಿಯಾದಿಂದ ಒಂದು ದಿನ ಮೊದಲೇ ಬಂದ ಗಂಡಿನ ಕಡೆಯ ಅತಿಥಿಯನ್ನು ಸುತ್ತಾಡಿಸುವ ಕೆಲಸ ರಂಜನಿಯದು. ಮದುಮಗಳ ಕಿತಾಪತಿ ಅವಳಿಗೀಗ ಅರ್ಥವಾಯಿತು.

ರಂಜನಿ ಗಿಲ್‌ರಾಯ್‌ ಎಂಬ ಸಣ್ಣ ಊರಿನಲ್ಲಿ ಹಲ್ಲಿನ ಡಾಕ್ಟರು. ಮೆಕ್ಸಿಕೋದಿಂದ ಬಂದು ಅಲ್ಲಿನ ಬೆಳ್ಳುಳ್ಳಿ ಹೊಲಗಳಲ್ಲಿ ದುಡಿಯುವವರೇ ಅವಳ ಪೇಷಂಟುಗಳು. ಅವಳಿಗೆ ಸ್ಪ್ಯಾನಿಷ್ ಕಲಿಸಿದವರೂ ಅವರೇ. ಯಶಸ್, ಅವಳ ಮನೆಯವರು ತೋರಿಸಿದ ಸಾಫ್ಟ್‌ವೇರ್ ಹುಡುಗ. ಅವನ ಊರು ಕ್ಯುಪರ್ಟಿನೋದ ಕೆಫೆಯಲ್ಲಿ ಅರ್ಧ ಗಂಟೆಗೆಂದು ಕೂತವರು ನಾಲ್ಕು ಗಂಟೆ ಮಾತಾಡಿದ್ದರು. ಅಂದೇ ಅವಳು ಮನಸ್ಸು ಕೊಟ್ಟುಬಿಟ್ಟಿದ್ದಳು.

ಮರುದಿನ ಅವನ ತಂದೆ ಆನಂದತೀರ್ಥರ ಇಮೇಲ್ ಬಂತು. ಮದುವೆಯಾದ ಮೇಲೆ ಕ್ಲಿನಿಕ್ ಬಿಟ್ಟು ಕ್ಯುಪರ್ಟಿನೋದಲ್ಲೇ ಇರಬೇಕು, ಮಕ್ಕಳಿಗೆ ಒಳ್ಳೆಯ ಶಾಲೆ ಮುಖ್ಯ! ಹುಟ್ಟದ ಮಕ್ಕಳಿಗೆ ಶಾಲೆ ನೋಡುವ ಕಾಯಿಲೆ ನಮ್ಮವರಿಗಲ್ಲದೆ ಇನ್ಯಾರಿಗಿದೆ ಹೇಳಿ?

ಉರಿದುಬಿದ್ದ ರಂಜನಿ ಯಶಸ್‌ಗೇ ಬರೆದಿದ್ದಳು: 'ಪೇಷಂಟುಗಳನ್ನು ಬಿಟ್ಟು ಬರಲಾರೆ. ನಾನು ಬೇಕೆನ್ನುವವರು ಸ್ಪ್ಯಾನಿಷ್ ಕಲಿತು ಗಿಲ್‌ರಾಯ್‌ಗೆ ಬರಲಿ.'

ಉತ್ತರ ಬರಲಿಲ್ಲ. ಅಪ್ಪನ ಮಾತೇ ಮಗನ ಮಾತು ಎಂದುಕೊಂಡು ಅವಳು ಎರಡು ದಿನ ಅತ್ತಿದ್ದಳು.

ಈಗ ಅದೇ ಮನುಷ್ಯನಿಗೆ ಊರು ತೋರಿಸಬೇಕು!

ಬಣ್ಣಬಣ್ಣದ ಮನೆಗಳು, ಏರಿಳಿಯುವ ಗಲ್ಲಿಗಳು, ಊರಿನ ಹೊಟ್ಟೆಯೊಳಗೇ ಸಾಗುವ ಸುರಂಗ ರಸ್ತೆಗಳು... ಪ್ರೇಮಿಗಳು ಮುತ್ತಿಡುವ ಹೆಸರಾಂತ ಗಲ್ಲಿಯೊಂದನ್ನು ಮಾತ್ರ ಬೇಕೆಂದೇ ಬಿಟ್ಟಳು. ಸುರಂಗದಲ್ಲಿ ಅವನ ಫೋನಿನ ಮ್ಯಾಪು ಕೈಕೊಟ್ಟಿತು.

"ಫ್ರೀವೇ ಬಿಟ್ರೆ ನಂಗೆ ದಾರೀನೇ ಗೊತ್ತಾಗಲ್ಲ," ಎಂದು ನಕ್ಕ.

'ನಗಬೇಡ ಮಾರಾಯ... ನನಗೆ ಕಷ್ಟವಾಗುತ್ತೆ!' ಅವಳ ಮನಸ್ಸು ಗೋಗರೆಯಿತು.

ಮಧ್ಯಾಹ್ನ ಕಬ್ಬಿಣದ ಗೋಪುರದ ಹಳೆಯ ಮಾರುಕಟ್ಟೆಗೆ ಬಂದರು. ಮಿಠಾಯಿ ಮಾರುವ ಅಜ್ಜಿ ಸ್ಪ್ಯಾನಿಷಿನಲ್ಲಿ ಕೇಳಿದಳು: "ಇವನು ನಿನ್ನ ಗಂಡನೇ?"

ಇವನಿಗೇನು ತಿಳಿಯುತ್ತದೆ! ಮೂರು ತಿಂಗಳ ಬೇಗುದಿ ಅವಳ ಬಾಯಿಂದ ಅದೇ ಭಾಷೆಯಲ್ಲಿ ಜಾರಿಬಿತ್ತು.

"ಇಲ್ಲ ಅಜ್ಜಿ. ಇವನೆಂದರೆ ನನಗೆ ಪ್ರಾಣ. ಆದರೆ ನನ್ನ ಊರಿಗೆ ಬರಲಾರ."

"ಬರುತ್ತೇನೆ!"

ಯಶಸ್! ತಪ್ಪುತಪ್ಪಾದ ಸ್ಪ್ಯಾನಿಷಿನಲ್ಲಿ, ಬೆವರುತ್ತಾ ಮುಂದುವರಿಸಿದ: "ಅಜ್ಜಿ, ನಾನು ಅವಳ ಊರು ಬರುತ್ತೇನೆ. ದಿನಾ ಕಾರು ತಿನ್ನುತ್ತೇನೆ."

'ಓಡಿಸುತ್ತೇನೆ' ಎನ್ನಲು ಹೋದದ್ದು ಅದು! ಅಜ್ಜಿ ಬಿದ್ದು ಬಿದ್ದು ನಕ್ಕಳು. ರಂಜನಿಯ ಮುಖ ಕೆಂಪಾಯಿತು.

"ನಿಮಗೆ... ಸ್ಪ್ಯಾನಿಷ್ ಬರತ್ತಾ?!"

"ನೀವೇ ತಾನೇ ಕಲಿತು ಬನ್ನಿ ಅಂದಿದ್ದು? ದಿನಾ ಆಫೀಸು ಮುಗಿಸಿ ಕ್ಲಾಸು. ಅಪ್ಪ ನಿಮಗೆ ಮೇಲ್ ಕಳ್ಸಿದ್ದು ಮೊನ್ನೆವರೆಗೂ ನಂಗೆ ಗೊತ್ತೇ ಇರ್ಲಿಲ್ಲ."

"ರೀ, ಅದು ನಾನು ಸಂಬಂಧ ಬೇಡ ಅಂದಿದ್ದು!"

"ಹೌದಾ? ನಾನದನ್ನ ರಿಕ್ವೈರ್ಮೆಂಟ್ ಅನ್ಕೊಂಡೆ. ಪೂರ್ತಿ ಆಗೋವರೆಗೂ ಏನಂತ ರಿಪ್ಲೈ ಮಾಡ್ಲಿ?"

ಸಾಫ್ಟ್‌ವೇರ್ ಬುದ್ಧಿ! ರಂಜನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ನಿಮ್ಮಪ್ಪ ಒಪ್ಪಲ್ಲ, ಯಶಸ್. ಕ್ಲಿನಿಕ್ಕಂತೂ ನಾನು ಬಿಡಲ್ಲ."

ಅವನು ಅಲ್ಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. "ಅಪ್ಪಾ, ನಾನು ಗಿಲ್‌ರಾಯ್‌ಗೆ ಹೋಗ್ತಿದೀನಿ."

"ಮಕ್ಕಳ ಸ್ಕೂಲು?"

"ಮೊದ್ಲು ಅವ್ರು ಹುಟ್ಲಿ, ಅಪ್ಪಾ!"

ರಂಜನಿ ಫೋನ್ ಕಿತ್ತುಕೊಂಡಳು.

"ಅಂಕಲ್, ನಾನು ರಂಜನಿ. ನನಗೆ ನಿಮ್ಮ ಮಗನೂ ಬೇಕು, ಕ್ಲಿನಿಕ್ಕೂ ಬೇಕು. ಎರಡ್ರಲ್ಲಿ ಒಂದನ್ನೂ ಬಿಡಲ್ಲ."

ಆ ಕಡೆಯಿಂದ ಲೆಕ್ಕಾಚಾರ ಶುರುವಾಯಿತು.

"ಅಲ್ಲಮ್ಮಾ, ಆಫೀಸು ಅಲ್ಲಿಂದ ಒಂದೂವರೆ ಗಂಟೆ. ಇವನು ಬೆಳಿಗ್ಗೆ ಏಳೋದೇ ಇಲ್ವಲ್ಲ!"

"ನಾನು ಎಬ್ಬಿಸ್ತೀನಿ ಅಂಕಲ್."

ಆನಂದತೀರ್ಥರು ನಕ್ಕುಬಿಟ್ಟರು. "ಅದೊಂದು ಮಾಡು ತಾಯಿ. ಇನ್ನು ನಂದೇನೂ ತಕರಾರಿಲ್ಲ."

ಗೆದ್ದಿದ್ದಳು! ಯಾವುದನ್ನೂ ಬಿಟ್ಟುಕೊಡದೆ ಗೆದ್ದಿದ್ದಳು! ಅಜ್ಜಿ ಚಪ್ಪಾಳೆ ತಟ್ಟಿ ಇಬ್ಬರ ಬಾಯಿಗೂ ಮಿಠಾಯಿ ತುರುಕಿದಳು.

ಯಶಸ್ ಮೆಲ್ಲಗೆ ಅವಳ ಕೈ ಹಿಡಿದ.

"ಸ್ಪ್ಯಾನಿಷಲ್ಲಿ ಹೇಳೋಕೆ ಧೈರ್ಯ ಇಲ್ಲ... ನೀವಂದ್ರೆ ನಂಗೆ ತುಂಬಾ ಇಷ್ಟ, ರಂಜನಿ."

ಅವಳು ಕಣ್ಣೊರೆಸಿಕೊಂಡು, ಮೊದಲ ಬಾರಿಗೆ 'ನೀವು' ಎನ್ನುವುದನ್ನು ಬಿಟ್ಟಳು.

"ನಂಗೂ ಕಣೋ."