ಮೊಳೆಯ ಮೇಲಿನ ಕೆಂಪು

“ತಾತ, ಮತ್ತೆ ಉಜ್ಜಿಬಿಟ್ಯಾ?”

ಚಿನ್ನಿ ಮೊಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದು ಈಗಷ್ಟೇ ಅಂಗಡಿಯಿಂದ ತಂದಂತೆ ಫಳಫಳ ಹೊಳೆಯುತ್ತಿತ್ತು.

“ತುಕ್ಕು ಹಿಡಿದಿತ್ತು, ತೆಗೆದೆ,” ಎಂದರು ತಾತ. ಕೈಯಲ್ಲಿ ಸ್ಯಾಂಡ್‌ಪೇಪರ್ ಇನ್ನೂ ಇತ್ತು.

“ಅದು ತುಕ್ಕಲ್ಲ, ತಾಮ್ರ. ಎಷ್ಟು ಸಲ ಹೇಳ್ಲಿ? ಮೊದಲು ಕೈ ತೊಳ್ಕೋ, ಆ ನೀರು ವಿಷ.”

ಇದು ಮೂರನೇ ಸಲ. ಬಾಟಲಿಯಲ್ಲಿ ಮೈಲುತುತ್ತ ಕರಗಿಸಿದ ನೀಲಿ ನೀರಿಗೆ ಕಬ್ಬಿಣದ ಮೊಳೆ ಮುಳುಗಿಸಿಟ್ಟರೆ, ನೀರಿನೊಳಗಿನ ತಾಮ್ರ ಹೊರಬಂದು ಮೊಳೆಗೆ ಅಂಟಿಕೊಳ್ಳುತ್ತದೆ. ನಾಳೆ ಅದನ್ನು ಸೈನ್ಸ್ ಮಿಸ್‌ಗೆ ತೋರಿಸಬೇಕು. ಮೊದಲ ಸಲ ಅವಳು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ತಾತ ಉಜ್ಜಿದ್ದರು. ಎರಡನೇ ಸಲ ಬಾಟಲಿಯನ್ನು ಪುಸ್ತಕಗಳ ಹಿಂದೆ ಬಚ್ಚಿಟ್ಟರೂ ತಾತ ಹುಡುಕಿಬಿಟ್ಟರು. ನಲವತ್ತು ವರ್ಷ ಪ್ಲಂಬರ್ ಆಗಿದ್ದವರು, ಗೋಡೆಯೊಳಗಿನ ಲೀಕನ್ನೇ ಪತ್ತೆ ಹಚ್ಚುತ್ತಿದ್ದವರು. ಬಾಟಲಿ ಯಾವ ಲೆಕ್ಕ?

“ನಾನು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು,” ಎಂದು ಚಿನ್ನಿ ಕುರ್ಚಿಯಲ್ಲಿ ಕುಸಿದಳು. “ತಾಮ್ರಕ್ಕಿಂತ ಕಬ್ಬಿಣ ಚುರುಕು, ತಾತ. ತಾನು ನೀರಿಗಿಳಿದು ತಾಮ್ರನ ಹೊರಗೆ ತಳ್ಳುತ್ತೆ. ಅಷ್ಟೇ ವಿಷಯ.”

ಕೈ ತೊಳೆದು ಟವೆಲಿನಿಂದ ಒರೆಸಿಕೊಳ್ಳುತ್ತಿದ್ದ ತಾತ ತಡೆದು ನಿಂತರು.

“ಓ, ಅದಾ.”

“ಯಾವುದು?”

“ಕಬ್ಬಿಣದ ಪೈಪಿಗೆ ನೇರ ತಾಮ್ರದ ಪೈಪ್ ಸೇರಿಸಿದ್ರೆ ಮೊದಲು ಹಾಳಾಗೋದು ಕಬ್ಬಿಣವೇ. ಕೆಲಸ ಕಲಿಯೋವಾಗ ನಂಗೆ ಗೊತ್ತಿರಲಿಲ್ಲ. ಒಂದು ಮನೇಲಿ ಹಾಗೇ ಸೇರಿಸಿಬಿಟ್ಟೆ. ಜಾಯಿಂಟ್ ತುಕ್ಕು ಹಿಡಿದು ಕೆಂಪಾಗಿದ್ದನ್ನ ನೋಡಿಯೂ ಸುಮ್ಮನಿದ್ದೆ. ಒಂದಿನ ಒಡೀತು. ನೀರೆಲ್ಲ ಮಗುವಿನ ಹಾಸಿಗೆ ಮೇಲೆ.”

“ಮಗು?”

“ಅದೃಷ್ಟಕ್ಕೆ ಅಮ್ಮನ ಸೊಂಟದ ಮೇಲಿತ್ತು.” ತಾತ ಟವೆಲನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು. “ಅವತ್ತಿಂದ ಕಬ್ಬಿಣದ ಮೇಲೆ ಕೆಂಪು ಕಂಡ್ರೆ ಕೈ ಸುಮ್ಮನಿರಲ್ಲ.”

ಚಿನ್ನಿ ಕುರ್ಚಿಯಿಂದ ಎದ್ದಳು. ಮೊಳೆಗೆ ದಾರ ಕಟ್ಟಿ ನೀಲಿ ನೀರಿಗೆ ಇಳಿಬಿಟ್ಟಳು. ಈ ಸಲ ಬಾಟಲಿಯನ್ನು ಬಚ್ಚಿಡದೆ ಮೇಜಿನ ನಡುವೆ, ತಾತನ ಎದುರಿಗೇ ಇಟ್ಟಳು.

“ಏನಾಗ್ತಾ ಇದೆ ಅಂತ ನೀನು ನೋಡ್ಕೊಂಡು ಹೇಳು. ನಾನು ಬರ್ಕೋತೀನಿ.”

ತಾತ ಕನ್ನಡಕ ಹಾಕಿಕೊಂಡರು. ಬಾಟಲಿಯ ಹತ್ತಿರಕ್ಕೆ ಬಗ್ಗಿ ಕೂತರು.

“ತುದೀಲಿ ಕೆಂಪು ಬರ್ತಿದೆ,” ಎಂದರು ತಾತ. ಮೇಜಿನ ಮೇಲಿದ್ದ ಅವರ ಬೆರಳುಗಳು ಬಾಟಲಿಯ ಕಡೆ ಮೆಲ್ಲಗೆ ಸರಿದವು.

ಚಿನ್ನಿ ಎಡಗೈಯನ್ನು ಅವುಗಳ ಮೇಲಿಟ್ಟು, ಬಲಗೈಯಲ್ಲಿ ಬರೆಯುತ್ತ ಹೋದಳು.